ಎರಡು ಊರಿನ ನಡುವೆ ಒಂದು ಗಂಟೆ

ಅರ್ಜಿ ಎರಡೇ ಪುಟದ್ದು. ಆದರೂ ಭಾವ ಅದನ್ನು ಮನೆಗೆ ತಂದ ಸಂಜೆ, ಯಾರದೋ ಮದುವೆ ಗೊತ್ತಾದಷ್ಟು ಗದ್ದಲವಾಯಿತು. ಚಪ್ಪಲಿ ಬಿಡುವ ಮೊದಲೇ ಮೇಜು ಒರೆಸಲು ಹೇಳಿದರು, ಪೆನ್ನು ಕೇಳಿದರು, ಕೊಟ್ಟ ಪೆನ್ನು ಸರಿಯಿಲ್ಲವೆಂದು ಇನ್ನೊಂದು ಕೇಳಿದರು. ಅಕ್ಕ ಅವರ ಕನ್ನಡಕ ಹುಡುಕಿ ತಂದಳು. ಅಪ್ಪ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು, ಜೊತೆಗೆ ತಮ್ಮ ಯಂತ್ರವನ್ನೂ.

ಯಂತ್ರವೆಂದರೆ ಕೈಚೀಲದಷ್ಟು ದಪ್ಪದ ಒಂದು ಪೆಟ್ಟಿಗೆ. ಕೋಣೆಯ ಗಾಳಿಯನ್ನೇ ಎಳೆದು, ಸೋಸಿ, ಆಮ್ಲಜನಕವನ್ನು ಒಂದು ಸಣ್ಣ ಕೊಳವೆಯಲ್ಲಿ ಅಪ್ಪನ ಮೂಗಿಗೆ ಕಳಿಸುವಂಥದ್ದು. ಅಪ್ಪ ಇಪ್ಪತ್ತಾರು ವರ್ಷ ಕಲ್ಲು ಕೊಯ್ಯುವ ಕಾರ್ಖಾನೆಯಲ್ಲಿದ್ದವರು. ಊರಿನ ಅರ್ಧ ಅಡುಗೆಮನೆಗಳ ಕಟ್ಟೆಯ ಮೇಲೆ ಇರುವುದು ಅವರು ಕೊಯ್ದ ಕಲ್ಲೇ. ಕಲ್ಲೆಲ್ಲ ಅವರಿವರ ಮನೆಗೆ ಹೋಯಿತು, ಧೂಳು ಮಾತ್ರ ಅವರ ಎದೆಯಲ್ಲಿ ಉಳಿಯಿತು. ಅಂಗಳ ದಾಟಿ ಗೇಟಿನವರೆಗೆ ಹೋಗಿ ಬರುವುದೂ ಈಗ ಅವರಿಗೆ ಒಂದು ಪ್ರಯಾಣವೇ.

ಅಪ್ಪನ ಮಕ್ಕಳಲ್ಲಿ ಕಿರಿಯವಳು ಬಾಗಿಲಿಗೆ ಒರಗಿ ನಿಂತಿದ್ದಳು. ಎಲ್ಲರೂ ಕೂತು ಮಾತಾಡುವಾಗ ಅವಳ ಜಾಗ ಅದು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಪರದೆ ಹೊಲಿಯುವ ಅಂಗಡಿಗೆ ಸೇರಿ ಎಂಟು ವರ್ಷವಾಗಿತ್ತು. ಅವಳು ಮಾತಾಡುವುದೇ ಕಡಿಮೆ, ಆಡಿದರೂ ಪಕ್ಕದಲ್ಲಿದ್ದವರಿಗೆ ಮಾತ್ರ ಕೇಳುವಷ್ಟು. ಭಾವ ಅದಕ್ಕೇ ಅವಳಿಗೆ ಪಿಸುಮಾತು ಎಂದು ಹೆಸರಿಟ್ಟಿದ್ದರು. ‘ಪಿಸುಮಾತು ಏನೋ ಹೇಳ್ತಿದ್ದಾಳೆ, ಫ್ಯಾನ್ ಆರಿಸ್ರಪ್ಪ’ ಎಂದು ದಿನಕ್ಕೊಮ್ಮೆಯಾದರೂ ಕಾಡಿಸದೆ ಬಿಡುತ್ತಿರಲಿಲ್ಲ. ಸೈಕಲ್ ಅಂಗಡಿ ಇಟ್ಟುಕೊಂಡಿದ್ದ ಅವರಿಗೆ ಲೋಕದಲ್ಲಿ ಗೊತ್ತಿಲ್ಲದ ವಿಷಯ ಅಂತ ಒಂದಿರಲಿಲ್ಲ. ಗೊತ್ತಿಲ್ಲದಿದ್ದರೂ ಗೊತ್ತಿದೆ ಎನ್ನುವ ಧೈರ್ಯ ಧಾರಾಳವಾಗಿತ್ತು. ಆದರೆ ಮಾವನಿಗಾಗಿ ಆಸ್ಪತ್ರೆ, ಔಷಧದ ಅಂಗಡಿ, ಬ್ಯಾಟರಿ ರಿಪೇರಿ ಎಂದು ಕಾಲಿಗೆ ಚಕ್ರ ಕಟ್ಟಿಕೊಂಡು ಓಡಾಡುತ್ತಿದ್ದವರೂ ಅವರೇ.

ಯಂತ್ರದೊಂದಿಗೆ ವಿಮಾನ ಹತ್ತಲು ಅನುಮತಿ ಕೇಳುವ ಈ ಅರ್ಜಿ ಬಂದದ್ದು ಅತ್ತೆಯ ಸಲುವಾಗಿ. ಅತ್ತೆ ಎಂದರೆ ಅಪ್ಪನ ಅಕ್ಕ. ಅಪ್ಪನಿಗೆ ನಾಲ್ಕು ತುಂಬುವ ಮೊದಲೇ ತಾಯಿ ಹೋಗಿದ್ದರಿಂದ ಅವರನ್ನು ಸೊಂಟದ ಮೇಲೆ ಹೊತ್ತು, ತಲೆ ಬಾಚಿ, ಬೆನ್ನಿಗೆರಡು ಗುದ್ದಿ ದೊಡ್ಡವರನ್ನಾಗಿ ಮಾಡಿದ್ದು ಹನ್ನೆರಡು ವರ್ಷದ ಆ ಅಕ್ಕನೇ. ಒಂಬತ್ತು ವರ್ಷದ ಹಿಂದೆ ಅತ್ತೆ ಮಗನ ಜೊತೆ ಪಶ್ಚಿಮದ ಕಡಲಂಚಿನ ಊರಿಗೆ ಹೋದರು. ಅಂದಿನಿಂದ ಅಕ್ಕ ತಮ್ಮ ಮುಖಾಮುಖಿ ಆಗಿಲ್ಲ. ರೈಲಿನಲ್ಲಾದರೆ ಎರಡು ದಿನ, ಅಷ್ಟು ಹೊತ್ತು ಯಂತ್ರಕ್ಕೆ ಕರೆಂಟು ಸಿಗುತ್ತದೆಂಬ ಭರವಸೆ ಯಾರೂ ಕೊಡಲಿಲ್ಲ. ಅತ್ತೆಯೇ ಬರಲೆಂದರೆ, ಮಂಡಿಗೆ ರೈಲು ಆಗದು, ವಿಮಾನ ಎಂದರೆ ಅವರಿಗೆ ಎದೆ ಝಲ್ಲೆನ್ನುತ್ತದೆ. ಹೀಗಾಗಿ ದಿನಾ ಸಂಜೆ ಏಳಕ್ಕೆ ಫೋನು. ಚಿಕ್ಕ ಪರದೆಯ ಮೇಲೆ ಅತ್ತೆಯ ಹಣೆ ಕಾಣುತ್ತದೆ, ಅಡುಗೆಮನೆಯ ಕಿಟಕಿ ಕಾಣುತ್ತದೆ, ಬಾಯಿ ಕಾಣುವುದಿಲ್ಲ. ಬೈಗುಳವೆಲ್ಲ ಸ್ಪಷ್ಟವಾಗಿ ಕೇಳುತ್ತದೆ.

ಈ ಸಲ ತಪಾಸಣೆಗೆ ಹೋದಾಗ ಡಾಕ್ಟರು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಲಿಲ್ಲ. ನೋಡಬೇಕಾದವರನ್ನು ಈ ವರ್ಷವೇ ನೋಡಿ ಬನ್ನಿ ಎಂದುಬಿಟ್ಟರು. ಮುಂದಿನ ವರ್ಷ ವಿಮಾನಕ್ಕೆ ತಾನು ಸಹಿ ಹಾಕುತ್ತೇನೆಂಬ ಮಾತಿಲ್ಲ. ಈಗಲಾದರೂ ಎರಡೇ ಗಂಟೆ. ಮೇಲೆ ವಿಮಾನದೊಳಗಿನ ಗಾಳಿ ಬೆಟ್ಟದ ಮೇಲಿನದರಷ್ಟೇ ತೆಳು, ಎರಡು ಗಂಟೆಗಿಂತ ಹೆಚ್ಚು ಹೊತ್ತು ಈ ಎದೆ ಅದನ್ನು ತಡೆಯದು.

“ಪ್ರಶ್ನೆ ಏಳು,” ಎಂದು ಭಾವ ಗಟ್ಟಿಯಾಗಿ ಓದಿದರು. “ವಿಮಾನ ಪ್ರಯಾಣದ ಅವಧಿ.”

ಟಿಕೆಟ್ ಆಫೀಸಿಗೆ ಫೋನು ಮಾಡಿ ಕೇಳಿಕೊಂಡದ್ದನ್ನು ಅವರು ಒಂದು ಹಳೆಯ ರಸೀದಿಯ ಹಿಂದೆ ಗೀಚಿಕೊಂಡಿದ್ದರು. ಬೆಳಗ್ಗೆ ಹತ್ತಕ್ಕೆ ಹೊರಡುತ್ತದೆ, ಹನ್ನೊಂದು ನಲವತ್ತಕ್ಕೆ ಇಳಿಯುತ್ತದೆ. ಒಂದನ್ನು ಇನ್ನೊಂದರಿಂದ ಕಳೆದು, ಬೆರಳು ಮಡಚಿ ಇನ್ನೊಮ್ಮೆ ಖಾತ್ರಿ ಮಾಡಿಕೊಂಡು ಬರೆದರು: ಒಂದು ಗಂಟೆ ನಲವತ್ತು ನಿಮಿಷ.

“ನೋಡಿ ಮಾವ, ನೀವು ಬೆಲ್ಟು ಎಲ್ಲಿದೆ ಅಂತ ಹುಡುಕೋದ್ರೊಳಗೆ ನಿಮ್ಮಕ್ಕನ ಮನೆ ಬಾಗಿಲು.”

ಅಪ್ಪ ನಕ್ಕರು. ನಕ್ಕರೆ ಕೆಮ್ಮು ಬರುತ್ತದೆಂದು ಅವರು ನಗುವುದನ್ನೇ ಬಿಟ್ಟಿದ್ದರು, ಆದರೂ ನಕ್ಕರು.

ಎಂಟನೇ ಪ್ರಶ್ನೆ ಬ್ಯಾಟರಿಯದು. ಪ್ರಯಾಣದ ಅವಧಿ ಎಷ್ಟೋ ಅದರ ಒಂದೂವರೆ ಪಟ್ಟು ಹೊತ್ತು ಓಡುವಷ್ಟು ಬ್ಯಾಟರಿ ಕೈಯಲ್ಲಿರಬೇಕು. ಅಪ್ಪನ ಬಳಿ ಎರಡಿದ್ದವು, ಎರಡೂ ಸೇರಿ ಮೂರೂವರೆ ಗಂಟೆ. ಭಾವನ ಲೆಕ್ಕಕ್ಕೆ ಎರಡೂವರೆ ಗಂಟೆ ಸಾಕಿತ್ತು. ಇವರಿಗೆ ಅರ್ಧ ಯಾಕೆ ಜಾಸ್ತಿ ಬೇಕಂತೆ, ಸುಮ್ಮನೆ ಜನರನ್ನು ಸತಾಯಿಸೋಕೆ ಎಂದು ಅವರು ಗೊಣಗಿದರು. ಬಾಗಿಲಲ್ಲಿದ್ದ ಕಿರಿಯವಳಿಗೆ ಮಾತ್ರ ಆ ಒಂದೂವರೆ ಪಟ್ಟು ತಕ್ಷಣ ಅರ್ಥವಾಯಿತು. ಅವಳ ಅಂಗಡಿಯಲ್ಲೂ ಅದೇ ನಿಯಮ. ನಾಲ್ಕಡಿ ಅಗಲದ ಕಿಟಕಿಗೆ ನಾಲ್ಕಡಿ ಬಟ್ಟೆ ತಂದರೆ ಅದು ಪರದೆಯಾಗುವುದಿಲ್ಲ. ಎಳೆದು ಕಟ್ಟಿದ ಚಾದರವಾಗುತ್ತದೆ. ನೆರಿಗೆಗೆ, ಮಡಿಕೆಗೆ, ಒಗೆದಾಗ ಕುಗ್ಗುವುದಕ್ಕೆ ಅರ್ಧ ಹೆಚ್ಚು ಬೇಕು. ವಿಮಾನವೂ ಇಳಿಯಲು ಜಾಗವಿಲ್ಲದೆ ಮೇಲೆಯೇ ಸುತ್ತುತ್ತಿರಬಹುದಲ್ಲ. ಆಗ ಎದೆಗೂ ನೆರಿಗೆ ಬೇಕು. ಇದನ್ನು ಹೇಳಬೇಕೆನಿಸಿತು. ಅಷ್ಟರಲ್ಲಿ ಭಾವ ಒಂಬತ್ತನೇ ಪ್ರಶ್ನೆಗೆ ಹೋಗಿದ್ದರು.

ಮರುದಿನವೇ ಡಾಕ್ಟರ ಸಹಿ ಬಿತ್ತು. ಅಪ್ಪ ಎರಡು ಷರಟು ಇಸ್ತ್ರಿ ಮಾಡಿಸಿ ಚೀಲದಲ್ಲಿಟ್ಟರು. ಕ್ಷೌರದವನನ್ನು ಮನೆಗೇ ಕರೆಸಿದರು. ಪ್ರಯಾಣಕ್ಕೆ ಇನ್ನೂ ಮೂರು ವಾರವಿದೆಯಲ್ಲ ಎಂದು ಅಕ್ಕ ನೆನಪಿಸಿದರೆ, ಆಗ ಇನ್ನೊಮ್ಮೆ ಮಾಡಿಸಿದರಾಯಿತು ಎಂದರು. ಟಿಕೆಟ್ ಇನ್ನೂ ತೆಗೆಸಿರಲಿಲ್ಲ, ವಾಪಸ್ ಬರುವ ವಿಮಾನ ಯಾವುದೆಂದು ತಿಳಿದ ಮೇಲೆ ಎರಡನ್ನೂ ಒಟ್ಟಿಗೆ ತೆಗೆಸುವುದೆಂದು ಭಾವ ನಿರ್ಧರಿಸಿದ್ದರು.

ನಾಲ್ಕನೇ ದಿನ ಆ ಸುದ್ದಿಯೂ ಬಂತು. ಮಧ್ಯಾಹ್ನ ಒಂದಕ್ಕೆ ಅಲ್ಲಿಂದ ಹೊರಟು ನಾಲ್ಕು ನಲವತ್ತಕ್ಕೆ ಇಲ್ಲಿಗೆ. ಭಾವ ಕಳೆದು ನೋಡಿ ಹುಬ್ಬೇರಿಸಿದರು. ಮೂರು ಗಂಟೆ ನಲವತ್ತು ನಿಮಿಷ. ಸ್ವಲ್ಪ ಹೊತ್ತು ಮೀಸೆ ತಿರುವಿದ ಮೇಲೆ ಅವರಿಗೆ ಕಾರಣ ಹೊಳೆಯಿತು. ಸೈಕಲ್ಲಿನಲ್ಲಿ ಎದುರುಗಾಳಿಗೆ ಸಿಕ್ಕಿದವರನ್ನು ಕೇಳಿ ನೋಡಿ ಎಂದರು. ಹೋಗುವಾಗ ಗಾಳಿ ಬೆನ್ನಿಗೆ, ಬರುವಾಗ ಮುಖಕ್ಕೆ. ಮೇಲಾಗಿ ಇದು ಎಲ್ಲೋ ನಿಧಾನದ ವಿಮಾನವಿರಬೇಕು, ಪ್ಯಾಸೆಂಜರ್ ರೈಲಿನ ಹಾಗೆ. ಬರುವುದಕ್ಕೆ ಬೇರೆ ವೇಗದ್ದು ನೋಡಿದರಾಯಿತು. ಅಪ್ಪ, ಅಕ್ಕ ತಲೆಯಾಡಿಸಿದರು. ಸೈಕಲ್ಲಿನ ಮಾತಿಗೆ ಆ ಮನೆಯಲ್ಲಿ ಎದುರಾಡುವವರಿರಲಿಲ್ಲ.

ಕಿರಿಯವಳಿಗೆ ಮಾತ್ರ ಅದು ಒಪ್ಪಿಗೆಯಾಗಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ಅಂಗಡಿಯ ಯಜಮಾನಿ ಕಲಿಸಿದ್ದು ಒಂದೇ ಪಾಠ. ಕಿಟಕಿಯನ್ನು ಎಡದಿಂದ ಬಲಕ್ಕೆ ಅಳೆ, ಆಮೇಲೆ ಬಲದಿಂದ ಎಡಕ್ಕೆ ಅಳೆ. ಎರಡೂ ಒಂದೇ ಬರಬೇಕು. ಬರದಿದ್ದರೆ ಕಿಟಕಿಯದು ತಪ್ಪಲ್ಲ, ನೀನು ಟೇಪು ಹಿಡಿದ ರೀತಿ ತಪ್ಪು. ಬೆರಳಗಲ ಹೆಚ್ಚುಕಮ್ಮಿಯಾದರೆ ಗಾಳಿಯೆನ್ನಬಹುದು. ಹೋಗುವುದರ ಎರಡರಷ್ಟಕ್ಕಿಂತ ಹೆಚ್ಚು ಬರುವುದಕ್ಕೆ ಹಿಡಿದರೆ ಅದು ಗಾಳಿಯಲ್ಲ. ಎಲ್ಲೋ ಟೇಪಿನ ತುದಿಯನ್ನು ಸೊನ್ನೆಯ ಮೇಲೆ ಇಟ್ಟಿಲ್ಲ.

ಮರುದಿನ ಅಂಗಡಿಯಲ್ಲಿ ಒಂದು ಆಸ್ಪತ್ರೆಯ ವಾರ್ಡಿಗೆ ಹಸಿರು ಪರದೆ ಹೊಲಿಯುತ್ತಾ ಅವಳು ಅದನ್ನೇ ಮನಸ್ಸಿನಲ್ಲಿ ಉರುಳಿಸುತ್ತಿದ್ದಳು. ಆಗ ಅತ್ತೆಯ ಅಡುಗೆಮನೆಯ ಕಿಟಕಿ ನೆನಪಾಯಿತು. ಇಲ್ಲಿ ಏಳಕ್ಕೆ ದೀಪ ಹಾಕಿ ಒಂದು ಗಳಿಗೆಯಾಗಿರುತ್ತದೆ. ಅಲ್ಲಿ ಆ ಕಿಟಕಿಯಲ್ಲಿ ಇನ್ನೂ ಬಿಸಿಲಿನ ಹಳದಿ ಇರುತ್ತದೆ. ಕೇಳಿದಾಗೆಲ್ಲ ಅಪ್ಪ, ಕಡಲಿನ ಊರಲ್ಲವೇ, ನೀರಿನ ಮೇಲೆ ಬೆಳಕು ನಿಲ್ಲುತ್ತದೆ ಎಂದಿದ್ದರು. ಅಲ್ಲಿ ಗಂಟೆ ಎಷ್ಟು ಎಂದರೆ ಅತ್ತೆಯೂ ತಲೆಯೆತ್ತಿ ನೋಡಿ, ಏಳು ಎನ್ನುತ್ತಿದ್ದರು.

ಊಟದ ಬಿಡುವಿನಲ್ಲಿ ಅವಳು ಬಟ್ಟೆಯ ಥಾನುಗಳನ್ನು ಒಟ್ಟುವ ಹಿಂಬದಿಯ ಕೋಣೆಗೆ ಹೋಗಿ ಬಾಗಿಲು ಮುಚ್ಚಿ ಅತ್ತೆಗೆ ಫೋನು ಮಾಡಿದಳು. ತಾನಾಗಿ ಯಾರಿಗಾದರೂ ಫೋನು ಮಾಡಿದ್ದು ಅವಳಿಗೆ ನೆನಪಿರಲಿಲ್ಲ. ಅತ್ತೆಗೂ ಗಾಬರಿಯಾಯಿತು, ತಮ್ಮನಿಗೆ ಏನಾಯಿತೆಂದು ಕೇಳಿದರು. ಏನೂ ಇಲ್ಲವೆಂದು ಸಮಾಧಾನ ಹೇಳಿ ಅವಳು ಈಗ ಗಂಟೆಯೆಷ್ಟು ಎಂದು ಕೇಳಿದಳು.

“ಒಂದೂವರೆ ಕಣೇ. ಇದನ್ನ ಕೇಳೋಕೆ ಫೋನು ಮಾಡಿದ್ಯಾ?”

“ಗೋಡೆ ಗಡಿಯಾರ ಬೇಡ ಅತ್ತೆ. ಪಕ್ಕದ ಮನೆಯವರು ಈಗ ಎಷ್ಟು ಗಂಟೆ ಅಂತಾರೆ?”

ಅತ್ತೆ ಕಳ್ಳತನದಲ್ಲಿ ಸಿಕ್ಕಿಬಿದ್ದವರ ದನಿಯಲ್ಲಿ ಒಪ್ಪಿಕೊಂಡರು. ಊರಿಗೆಲ್ಲ ಈಗ ಹನ್ನೆರಡೂವರೆ. ಈ ಊರಿನ ಗಡಿಯಾರ ನಿಮ್ಮದಕ್ಕಿಂತ ಒಂದು ಗಂಟೆ ಹಿಂದೆ. ಬಂದ ಹೊಸದರಲ್ಲಿ ತಮ್ಮನ ಫೋನು ಎರಡು ಸಲ ತಪ್ಪಿಹೋಯಿತು, ಏಳು ಎಂದುಕೊಂಡು ಕಾದರೆ ಅವನು ಈ ಊರಿನ ಆರಕ್ಕೇ ಮಾಡಿ ಮಲಗಿರುತ್ತಿದ್ದ. ಅಂದೇ ಸ್ಟೂಲು ಹತ್ತಿ ಅಡುಗೆಮನೆಯ ಗಡಿಯಾರದ ಮುಳ್ಳು ತಿರುಗಿಸಿ, ಅದರ ಏಳಕ್ಕೆ ತಾವೇ ಫೋನು ಮಾಡತೊಡಗಿದರು. ಒಂಬತ್ತು ವರ್ಷದಿಂದ ಆ ಒಂದು ಗೋಡೆ ತಮ್ಮನ ಊರಿನ ಗಂಟೆ ಹೇಳುತ್ತಿದೆ. ಮಗ ಬೈದೂ ಬೈದೂ ಸುಮ್ಮನಾದ, ಸೊಸೆ ಅಡುಗೆಮನೆಗೆ ಬರುವಾಗ ಕೈಗಡಿಯಾರ ಕಟ್ಟಿಕೊಂಡು ಬರುತ್ತಾಳೆ.

“ನಿಮ್ಮಪ್ಪನಿಗೆ ಹೇಳ್ಬೇಡ,” ಎಂದರು ಅತ್ತೆ. “ಮುದುಕಿಗೆ ಬುದ್ಧಿಭ್ರಮಣೆ ಅಂತಾನೆ.”

ಹೇಳದೆ ಇರುವಂತಿರಲಿಲ್ಲ. ಥಾನುಗಳ ನಡುವೆ ಕೂತು ಅವಳು ಸೀಮೆಸುಣ್ಣದಿಂದ ನೆಲದ ಮೇಲೆ ಬರೆದಳು. ಅಲ್ಲಿ ಹನ್ನೊಂದು ನಲವತ್ತು ಎಂದರೆ ಇಲ್ಲಿ ಹನ್ನೆರಡು ನಲವತ್ತು. ಹೋಗಲು ಎರಡು ಗಂಟೆ ನಲವತ್ತು ನಿಮಿಷ. ಅಲ್ಲಿ ಒಂದು ಎಂದರೆ ಇಲ್ಲಿ ಎರಡು. ಬರಲೂ ಎರಡು ಗಂಟೆ ನಲವತ್ತು ನಿಮಿಷ. ಎಡದಿಂದಲೂ ಒಂದೇ, ಬಲದಿಂದಲೂ ಒಂದೇ. ಅಳತೆ ಕೂಡಿಬಂದಾಗ ಆಗುವ ಸಣ್ಣ ಸಂತೋಷ ಅವಳಿಗೆ ಆಯಿತು, ಒಂದೇ ಕ್ಷಣ. ಡಾಕ್ಟರು ಹೇಳಿದ್ದು ಎರಡೇ ಗಂಟೆ.

ಸುಮ್ಮನಿದ್ದುಬಿಟ್ಟರೆ? ಸಹಿ ಆಗಿಹೋಗಿದೆ. ಬ್ಯಾಟರಿ ಮೂರೂವರೆ ಗಂಟೆ ಓಡುತ್ತದೆ, ಹೇಗೋ ತಲುಪಬಹುದು. ಅಪ್ಪನ ಮುಖದಲ್ಲಿ ಈಚೆಗೆ ಬಂದ ಕಳೆ ಕಣ್ಣ ಮುಂದೆ ಬಂತು. ಸುಮ್ಮನಿರುವುದು ಅವಳಿಗೆ ಕಷ್ಟದ ಕೆಲಸವೂ ಅಲ್ಲ, ಹುಟ್ಟಿನಿಂದ ಮಾಡಿಕೊಂಡು ಬಂದದ್ದೇ. ಆದರೆ ಬಟ್ಟೆ ಸಾಲದ ಕಿಟಕಿಗೆ ಎಷ್ಟು ಎಳೆದರೂ ಒಂದು ಕಡೆ ಸಂದಿ ಬಿದ್ದೇ ಬೀಳುತ್ತದೆ. ಆ ಸಂದಿ ಬೀಳುವುದು ಯಾವ ಎತ್ತರದಲ್ಲಿ, ಯಾರ ಮೇಲೆ ಎಂದು ಯೋಚಿಸಿ ಅವಳು ಎದ್ದು ನಿಂತಳು.

ಸಂಜೆ ಎಲ್ಲರೂ ಮೇಜಿನ ಸುತ್ತ ಇದ್ದಾಗ ಅವಳು ಬಾಗಿಲು ಬಿಟ್ಟು ಒಳಗೆ ಬಂದು ಭಾವನ ಎದುರು ಕೂತಳು. ಅಷ್ಟಕ್ಕೇ ಅಕ್ಕ ಹುಷಾರಿದ್ದೀಯಾ ಎಂದು ಕೇಳಿದಳು.

“ಭಾವ, ಲೆಕ್ಕ ತಪ್ಪಿದೆ,” ಎಂದಳು.

“ಜೋರಾಗಿ ಹೇಳು, ಕೇಳಿಸ್ಲಿಲ್ಲ.”

“ಲೆಕ್ಕ ತಪ್ಪಿದೆ. ಎರಡು ಗಂಟೆ ನಲವತ್ತು ನಿಮಿಷ ಆಗುತ್ತೆ. ಹೋಗೋಕೂ ಅಷ್ಟೆ, ಬರೋಕೂ ಅಷ್ಟೆ.”

ಭಾವ ಗಾಳಿಯ ವಿಷಯ ಎತ್ತಿದರು. ಅವಳು ಗಾಳಿ ಮುಗಿಯುವ ತನಕ ಕಾದು, ಅತ್ತೆಯ ಗಡಿಯಾರದ ಸಂಗತಿ ಹೇಳಿದಳು. ಹೇಳುವಾಗ ಅವಳ ಕಣ್ಣು ಮೇಜಿನ ಮೇಲಿದ್ದ ಉಪ್ಪಿನ ಡಬ್ಬಿಯ ಮೇಲೆಯೇ ಇತ್ತು. ಭಾವ ರಸೀದಿಯನ್ನು ಎಳೆದುಕೊಂಡು ಕೂಡಿಸಿದರು, ಕಳೆದರು, ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಕಳೆದರು. ಅವರ ಕಿವಿ ಮೊದಲು ಕೆಂಪಾಯಿತು, ಆಮೇಲೆ ಕತ್ತು.

“ಹೌದಲ್ಲ,” ಎಂದರು ಕೊನೆಗೆ. “ಇಷ್ಟು ವರ್ಷ ಜನರ ಚಕ್ರ ಸರಿಮಾಡಿದವನು ನಾನು. ನನ್ನ ಚಕ್ರವೇ ಡೊಂಕು.” ಅವರಿಗೆ ತಮಾಷೆ ಮಾಡಲಾಗುತ್ತಿಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

ಅಪ್ಪ ಎದ್ದು ಕೋಣೆಗೆ ಹೋದರು. ಚೀಲದ ಜಿಪ್ಪು ಎಳೆಯುವ ಸದ್ದು ಕೇಳಿಸಿತು. ಇಸ್ತ್ರಿ ಮಾಡಿದ ಷರಟುಗಳನ್ನು ತೆಗೆದು ಮತ್ತೆ ಬೀರುವಿನಲ್ಲಿ ನೇತುಹಾಕುತ್ತಿದ್ದರು. ಎರಡೇ ಷರಟು, ಆದರೂ ಬಹಳ ಹೊತ್ತು ಹಿಡಿಯಿತು. ಅಂದು ಏಳಕ್ಕೆ ಫೋನು ಬಂದಾಗ ನಿದ್ದೆ ಬಂದಿದೆಯೆಂದು ಹೇಳಿಸಿದರು.

ಮೂರನೆಯ ಬ್ಯಾಟರಿ ತಂದರೂ ಪ್ರಯೋಜನವಿರಲಿಲ್ಲ. ಡಾಕ್ಟರ ಎರಡು ಗಂಟೆಯನ್ನು ಬ್ಯಾಟರಿ ಉದ್ದ ಮಾಡಲಾರದು. ಇದು ಎಲ್ಲರಿಗೂ ತಿಳಿದಿತ್ತು. ಕಿರಿಯವಳು ಮಾತ್ರ ಮರುದಿನ ಮಧ್ಯಾಹ್ನ ಅರ್ಧ ದಿನ ರಜೆ ಕೇಳಿ ಟಿಕೆಟ್ ಆಫೀಸಿಗೆ ಹೋದಳು. ಹೋಗಿ ಏನು ಕೇಳಬೇಕೆಂದು ಅವಳಿಗೇ ಗೊತ್ತಿರಲಿಲ್ಲ. ಹಾಳು ಮಾಡಿದವಳು ತಾನೇ ಎಂಬಂತಾಗಿ ಮನೆಯಲ್ಲಿ ಕೂರಲು ಆಗಲಿಲ್ಲ, ಅಷ್ಟೆ.

ಟಿಕೆಟ್ ಆಫೀಸೆಂದರೆ ಮೆಟ್ಟಿಲ ಕೆಳಗಿನ ಒಂದೇ ಕೋಣೆ. ಮೇಜಿನ ಹಿಂದೆ ನರೆಗೂದಲಿನ ಹೆಂಗಸೊಬ್ಬರು ಪೆನ್ಸಿಲನ್ನು ಮುಡಿಗೆ ಸಿಕ್ಕಿಸಿಕೊಂಡು ಕೂತಿದ್ದರು. ಅವರ ಬೆನ್ನ ಹಿಂದಿನ ಗೋಡೆಯ ತುಂಬ ನಕ್ಷೆ, ನಕ್ಷೆಯ ತುಂಬ ಊರಿಂದ ಊರಿಗೆ ಬಾಗಿದ ಕೆಂಪು ಗೆರೆಗಳು. ಯಾವ ಊರಿಗಮ್ಮಾ ಎಂದು ಅವರು ಎರಡು ಸಲ ಕೇಳಿದರು. ಅವಳ ಉತ್ತರ ಎರಡು ಸಲವೂ ಮೇಜು ದಾಟಲಿಲ್ಲ. ಆ ಹೆಂಗಸು ಎದ್ದು, ಕುರ್ಚಿಯನ್ನು ಎತ್ತಿಕೊಂಡು ಬಂದು ಅವಳ ಪಕ್ಕದಲ್ಲೇ ಹಾಕಿ ಕೂತರು. ಈಗ ಹೇಳು, ನನಗೂ ಗಂಟಲು ಹರಿದುಕೊಳ್ಳುವ ಆಸೆಯಿಲ್ಲ ಎಂದರು.

ಪಕ್ಕದಲ್ಲಿ ಕೂತವರಿಗೆ ಹೇಳುವುದು ಅವಳಿಗೆ ಗೊತ್ತಿತ್ತು. ಮೊದಲಿಂದ ಕೊನೆಯವರೆಗೂ ಹೇಳಿದಳು. ಆ ಹೆಂಗಸು ಕೇಳುತ್ತಾ ಮೂರು ಸಲ ತಲೆಯಾಡಿಸಿದರು. ಎರಡು ಊರಿನ ನಡುವೆ ಸಾವಿರದ ಎಂಟುನೂರ ಅರವತ್ತು ಕಿಲೋಮೀಟರು, ಎರಡು ಗಂಟೆ ನಲವತ್ತು ಎಂದು ಖಾತ್ರಿ ಮಾಡಿದರು. ಗಾಳಿಯಿಂದ ಹತ್ತು ನಿಮಿಷ ಆಚೀಚೆ ಆಗಬಹುದು, ಅಷ್ಟರಮಟ್ಟಿಗೆ ನಿಮ್ಮ ಭಾವನೂ ಸರಿ ಎಂದರು. ಇದಕ್ಕಿಂತ ಬೇಗ ಹೋಗುವ ವಿಮಾನ ಇನ್ನೂ ಮೊಟ್ಟೆಯಿಂದ ಹೊರಬಂದಿಲ್ಲ.

ಕಿರಿಯವಳು ನಕ್ಷೆ ನೋಡುತ್ತಿದ್ದಳು. ಎರಡು ಊರಿನ ನಡುವೆ ಒಂದು ದಪ್ಪ ಚುಕ್ಕೆ. ಎಷ್ಟೋ ಕೆಂಪು ಗೆರೆಗಳು ಅಲ್ಲಿ ಬಂದು ಸೇರಿ ಮತ್ತೆ ಬೇರೆಯಾಗಿದ್ದವು.

“ಅಲ್ಲಿಗೆ ಎಷ್ಟು ಹೊತ್ತು?” ಎಂದಳು.

ಒಂದೂವರೆ ಗಂಟೆ. ಅರ್ಧ ದೂರಕ್ಕೆ ಅರ್ಧ ಹೊತ್ತು ಆಗುವುದಿಲ್ಲ, ಏರುವುದಕ್ಕೆ ಇಳಿಯುವುದಕ್ಕೆ ದೂರ ಎಷ್ಟಿದ್ದರೂ ಅಷ್ಟೇ ಸಮಯ ಬೇಕು ಎಂದು ಆ ಹೆಂಗಸು ವಿವರಿಸಿದರು. ಅದು ಅವಳಿಗೆ ಹೇಳಬೇಕಾಗಿರಲಿಲ್ಲ. ಪುಟ್ಟ ಕಿಟಕಿಯ ಪರದೆಗೂ ಮೇಲೆ ಕೆಳಗೆ ಬಿಡುವ ಅಂಚು ಅಷ್ಟೇ. ಆದರೆ ಅಲ್ಲಿ ಇಳಿದು ಇನ್ನೊಂದು ವಿಮಾನ ಹತ್ತುವುದೆಂದರೆ ಒಟ್ಟು ಮೂರು ಗಂಟೆಯಾಯಿತು, ಡಾಕ್ಟರು ಒಪ್ಪುತ್ತಾರೆಯೇ ಎಂದು ಅವರು ಅನುಮಾನಿಸಿದರು.

“ಇನ್ನೊಂದು ಹತ್ತೋದು ಬೇಡ,” ಎಂದಳು ಕಿರಿಯವಳು. “ಅಪ್ಪ ಅಲ್ಲೇ ಇಳೀತಾರೆ. ಅತ್ತೆ ಆ ಕಡೆಯಿಂದ ಬಂದು ಅಲ್ಲೇ ಇಳೀಬೇಕು.”

ಆ ಹೆಂಗಸು ಮುಡಿಯಿಂದ ಪೆನ್ಸಿಲು ತೆಗೆದು ಅವಳನ್ನೇ ಒಂದು ಕ್ಷಣ ನೋಡಿದರು. ಮೂವತ್ತು ವರ್ಷದಿಂದ ಜನರನ್ನು ಅಲ್ಲಿ ಇಳಿಸಿ ಬೇರೆಡೆಗೆ ಕಳಿಸಿದ್ದೇನೆ, ಆ ಊರಿಗೇ ಅಂತ ಯಾರೂ ಟಿಕೆಟ್ ಕೇಳಿರಲಿಲ್ಲ ಎಂದರು. ಆಮೇಲೆ ಬರೆಯತೊಡಗಿದರು.

ಮನೆಯಲ್ಲಿ ಅವಳು ಭಾವನಿಗೆ ಮೊದಲು ಹೇಳಿದಳು. ಭಾವ ಕೇಳಿದವರೇ ಡಾಕ್ಟರ ಬಳಿ ಓಡಿದರು. ಒಂದೂವರೆ ಗಂಟೆಗೆ ಅಡ್ಡಿಯಿಲ್ಲ, ಆದರೆ ಅಲ್ಲಿ ಎರಡು ದಿನ ವಿಶ್ರಾಂತಿ ಪಡೆದೇ ವಾಪಸಾಗಬೇಕು ಎಂಬ ಅಪ್ಪಣೆ ತಂದರು. ಹೊಸ ಅರ್ಜಿಯನ್ನೂ ತಂದರು. ಪೆನ್ನನ್ನು ಮಾತ್ರ ಅವಳ ಕೈಗೆ ಕೊಟ್ಟು, ಏಳನೇ ಪ್ರಶ್ನೆ ನೀನೇ ತುಂಬು ಎಂದರು.

ಒಪ್ಪದೆ ಕೂತವರು ಅಪ್ಪ. ಎಪ್ಪತ್ತು ವರ್ಷದ ಅಕ್ಕಯ್ಯನನ್ನು, ವಿಮಾನ ಕಂಡರೆ ನಡುಗುವವಳನ್ನು ಅರ್ಧ ದಾರಿಗೆ ಕರೆಸುವುದೇ? ಚಿಕ್ಕವನು ತಾನು, ಹೋಗಿ ಕಾಲಿಗೆ ಬೀಳಬೇಕಾದವನು. ನನ್ನ ಕೈಲಾಗದಿದ್ದರೆ ಬೇಡ ಬಿಡಿ, ಫೋನಿದೆಯಲ್ಲ ಎಂದರು. ಎಷ್ಟು ಹೇಳಿದರೂ ಅಷ್ಟೇ. ಕಲ್ಲಿನ ಜೊತೆ ಇದ್ದೂ ಇದ್ದೂ ಇವರೂ ಹಾಗೇ ಆಗಿದ್ದಾರೆ ಎಂದು ಅಕ್ಕ ಒಳಗೆ ಹೋದಳು.

ಏಳಕ್ಕೆ ಫೋನು ಬಂದಾಗ ಕಿರಿಯವಳೇ ಎತ್ತಿದಳು. ಅಪ್ಪನಿಗೆ ಕೊಡುವ ಮೊದಲು ಎಲ್ಲವನ್ನೂ ಅತ್ತೆಗೆ ಹೇಳಿದಳು, ಅಪ್ಪನ ಎದುರಿಗೇ, ಅವರಿಗೂ ಕೇಳುವಷ್ಟು ಗಟ್ಟಿಯಾಗಿ. ಮುಗಿದ ಮೇಲೆ ಅತ್ತೆ ಫೋನನ್ನು ಅವನ ಮುಖದ ಮುಂದೆ ಹಿಡಿ ಎಂದರು. ಪರದೆಯಲ್ಲಿ ಹಣೆ ಬಂತು, ಕಿಟಕಿಯ ಹಳದಿ ಬೆಳಕು ಬಂತು.

“ಏನೋ, ನಾನು ಅರ್ಧ ದಾರಿ ಬರೋದು ನಿನಗೆ ಅವಮಾನವಂತೆ?”

“ಹಾಗಲ್ಲ ಅಕ್ಕಯ್ಯ, ನಿನಗೆ ಭಯ...”

“ಭಯ ಇದೆ. ಇಲ್ಲ ಅಂದವರ್ಯಾರು? ಸ್ಕೂಲಿಗೆ ಹೋಗೋವಾಗ ಸೇತುವೆ ತನಕ ನಿನ್ನ ಹೊತ್ಕೊಂಡು ಹೋಗ್ತಿದ್ದೆ. ಆಮೇಲೆ ನೀನು ನಡೀತಿದ್ದೆ. ಆಗ ಅರ್ಧ ದಾರಿ ನನ್ನದಾಗಿತ್ತು, ನಾಚಿಕೆ ಆಗ್ಲಿಲ್ಲ. ಈಗ್ಯಾಕೆ?”

ಅಪ್ಪ ಏನೋ ಹೇಳಲು ಹೋದರು. ಯಂತ್ರ ಒಮ್ಮೆ ಜೋರಾಗಿ ಉಸಿರೆಳೆಯಿತು.

“ವಿಮಾನ ಬಿದ್ರೆ ಬೀಳಲಿ,” ಎಂದರು ಅತ್ತೆ. “ನೀನು ಬರ್ತಿದೀಯಾ ಇಲ್ವಾ, ಅಷ್ಟು ಹೇಳು.”

“ಬರ್ತೀನಿ,” ಎಂದರು ಅಪ್ಪ, ಶಾಲೆಗೆ ಹೊರಟ ಹುಡುಗನ ದನಿಯಲ್ಲಿ.

ಹದಿನೇಳು ದಿನಗಳ ಮೇಲೆ ಅಪ್ಪ ಮತ್ತು ಕಿರಿಯವಳು ವಿಮಾನ ಹತ್ತಿದರು. ಜೊತೆಗೆ ಅವಳೇ ಹೋಗಬೇಕೆಂದು ಹಟ ಹಿಡಿದದ್ದು ಭಾವ. ಅಪ್ಪನಿಗೆ ಕಿಟಕಿಯ ಪಕ್ಕದ ಸೀಟು. ನೆಲ ದೂರವಾಗುವಾಗ ಅವರು ಮಗಳ ಮಣಿಕಟ್ಟನ್ನು ಹಿಡಿದವರು ಬಿಡಲಿಲ್ಲ. ಅವಳು ಯಂತ್ರದ ಮೇಲಿನ ಹಸಿರು ಚುಕ್ಕೆಗಳನ್ನೇ ಎಣಿಸುತ್ತಿದ್ದಳು. ನಾಲ್ಕಿದ್ದವು, ಮೂರಾದವು, ಎರಡಾದವು, ಒಂದಾಗುವ ಹೊತ್ತಿಗೆ ಕೆಳಗೆ ಒಂದು ನದಿ, ರಸ್ತೆಗಳು, ಪೆಟ್ಟಿಗೆಗಳಂಥ ಮನೆಗಳು ಕಾಣಿಸಿದವು. ಎರಡನೇ ಬ್ಯಾಟರಿ ಚೀಲದಿಂದ ಹೊರಗೆ ಬರಲೇ ಇಲ್ಲ.

ಅತ್ತೆಯ ವಿಮಾನ ನಲವತ್ತು ನಿಮಿಷ ತಡ. ಹೊರಗೆ ಬರುವವರ ಬಾಗಿಲಿಗೆ ಎದುರಾಗಿ, ಗೋಡೆಯಲ್ಲಿ ಪ್ಲಗ್ ಇರುವ ಕಡೆ ಕಿರಿಯವಳು ಅಪ್ಪನನ್ನು ಕೂರಿಸಿ ಯಂತ್ರವನ್ನು ಸಿಕ್ಕಿಸಿದಳು. ಬಾಗಿಲು ತೆರೆದಾಗೆಲ್ಲ ಅಪ್ಪ ಅರ್ಧ ಏಳುತ್ತಿದ್ದರು, ಬೇರೆ ಯಾರೋ ಬಂದರೆ ಮತ್ತೆ ಕೂರುತ್ತಿದ್ದರು. ಜನ ಚಕ್ರದ ಪೆಟ್ಟಿಗೆಗಳನ್ನು ಎಳೆದುಕೊಂಡು ಅವರನ್ನು ದಾಟಿ ಓಡುತ್ತಿದ್ದರು. ಆ ಊರಿನಲ್ಲಿ ನಿಲ್ಲುವ ಉದ್ದೇಶ ಅಲ್ಲಿ ಯಾರಿಗೂ ಇದ್ದಂತೆ ಕಾಣಲಿಲ್ಲ.

ಕೊನೆಗೆ ಬಾಗಿಲು ತೆರೆದು ಒಂದು ಗಾಲಿಕುರ್ಚಿ ಬಂತು. ಅದರಲ್ಲಿ ಅತ್ತೆಯ ಚೀಲ ಕೂತಿತ್ತು. ಅತ್ತೆ ಪಕ್ಕದಲ್ಲಿ ನಡೆದು ಬರುತ್ತಿದ್ದರು, ಕುರ್ಚಿ ತಳ್ಳುವ ಹುಡುಗಿಗೆ ಏನೋ ಬುದ್ಧಿ ಹೇಳುತ್ತಾ. ಫೋನಿನಲ್ಲಿ ಹಣೆ ಮಾತ್ರ ಕಾಣುತ್ತಿದ್ದ ಅವರಿಗೆ ಮೂಗು, ಬಾಯಿ, ಗಲ್ಲ ಎಲ್ಲ ಇದ್ದವು, ಮತ್ತು ಅವೆಲ್ಲ ಅಪ್ಪನದರಂತೆಯೇ ಇದ್ದವು.

ಅಪ್ಪ ಎದ್ದು ನಿಂತರು. ಬಗ್ಗಿ ಕಾಲು ಮುಟ್ಟಲು ಹೋದವರನ್ನು ಅತ್ತೆ ಭುಜ ಹಿಡಿದು ತಡೆದರು. ಬಗ್ಗಿದರೆ ಮೇಲೇಳಲು ನಿನಗೂ ಆಗೋದಿಲ್ಲ, ಎಬ್ಬಿಸಲು ನನಗೂ ಆಗೋದಿಲ್ಲ ಎಂದರು. ಅತ್ತೆ ಅಪ್ಪನ ಕೆನ್ನೆಯ ಮೇಲೆ ಕೈಯಿಟ್ಟು, ಮೂಗಿನ ಕೊಳವೆ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಕಿವಿಯ ಹಿಂದಿನವರೆಗೂ ಬೆರಳಿನಿಂದ ಸವರಿ ನೋಡಿದರು. ಒಂದು ಕಡೆ ಮಡಿಚಿಕೊಂಡಿತ್ತು, ಬಿಡಿಸಿದರು.

“ಎಷ್ಟು ಸಣ್ಣ ಆಗಿದೀಯೋ,” ಎಂದರು.

“ನೀನು ಅಳ್ತಿದೀಯಾ ಅಕ್ಕಯ್ಯ?”

“ವಿಮಾನದಲ್ಲಿ ಅತ್ತಿದ್ದು, ಅದರ ಬಾಕಿ.”

ಉಳಿದುಕೊಳ್ಳುವ ಕೋಣೆ ರಸ್ತೆಯಾಚೆಗೇ ಇತ್ತು. ವಾಹನ ತರುತ್ತೇನೆಂದರೆ ಇಬ್ಬರೂ ಬೇಡವೆಂದರು. ಅತ್ತೆ ತಮಗೆ ಮಂಡಿ ನೋವು, ನಿಧಾನ ನಡೆಯಬೇಕು ಎಂದರು. ಅಪ್ಪ, ಅಕ್ಕಯ್ಯನಿಗಾಗಿ ನಿಧಾನ ನಡೆಯುತ್ತೇನೆ ಎಂದರು. ಹತ್ತು ಹೆಜ್ಜೆ ನಡೆಯುವುದು, ನಿಂತು ಯಾವುದೋ ಮರವನ್ನೋ ಅಂಗಡಿಯ ಬೋರ್ಡನ್ನೋ ನೋಡುವುದು, ಮತ್ತೆ ಹತ್ತು ಹೆಜ್ಜೆ. ಕೊಳವೆಯ ಉದ್ದ ಎರಡೇ ಮಾರು. ಆದ್ದರಿಂದ ಯಂತ್ರ ಹೊತ್ತ ಕಿರಿಯವಳು ಅವರ ಬೆನ್ನಿಗೇ ನಡೆಯಬೇಕಾಗಿತ್ತು. ಅವರ ಮಾತು ಕೇಳಿಸಿಕೊಳ್ಳಬಾರದೆಂದು ಅವಳು ಆಚೆ ಮುಖ ಮಾಡಿದ್ದಳು, ಆದರೂ ಎಲ್ಲ ಕೇಳಿಸುತ್ತಿತ್ತು. ಎರಡು ದಿನದಲ್ಲಿ ಏನೇನು ಮಾಡುವುದೆಂದು ಅತ್ತೆ ಪಟ್ಟಿ ಹೇಳುತ್ತಿದ್ದರು. ಅದರಲ್ಲಿ ಹೆಚ್ಚಿನವು ಕೂತು ಮಾಡುವಂಥವೇ. ಅಪ್ಪ ಒಂದೊಂದಕ್ಕೂ ಹೂಂ ಎನ್ನುತ್ತಿದ್ದರು. ರಸ್ತೆ ದಾಟುವ ಕಡೆ ಮೂವರೂ ನಿಂತರು. ಅತ್ತೆ ಆ ಕಡೆ ಈ ಕಡೆ ನೋಡಿ, ಅರವತ್ತೆರಡು ವರ್ಷದ ತಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಈಗ ಬಾ ಎಂದರು.